ಮ್ಯೂನಿಕ್‌ನಲ್ಲಿ ಮೊದಲ ವಾರ: ಓದುಗರ ಸ್ಪಂದನ

ಕಳೆದ ವಾರದ ಪತ್ರ: ಎಂ.ಎಸ್. ಓದಲು ಸೆಪ್ಟೆಂಬರ್ ಕೊನೆಗೆ ಜರ್ಮನಿಯ ಮ್ಯೂನಿಕ್‌ಗೆ ಹೊರಟಿರುವ ಬಸವೇಶ್ವರನಗರದ ವಿದ್ಯಾರ್ಥಿನಿ ಬರೆದಿದ್ದರು: “ಹಾಸ್ಟೆಲ್‌ನಲ್ಲಿ ಜಾಗ ಸಿಕ್ಕಿಲ್ಲ. ಕೆಲವು ದಿನ ಎಲ್ಲಾದರೂ ಇದ್ದು ಆಮೇಲೆ ರೂಮು ಹುಡುಕೋಣ ಎಂದುಕೊಂಡಿದ್ದೇನೆ. ಬ್ಯಾಂಕು, ವಿಮೆ, ನೋಂದಣಿ ಎಲ್ಲ ಒಟ್ಟಿಗೆ ತಲೆ ಮೇಲೆ ಬೀಳುತ್ತವಲ್ಲ ಎಂದು ಭಯ. ಅಮ್ಮ ಒಂದು ಸೂಟ್‌ಕೇಸ್ ತುಂಬ ತಿಂಡಿ ಕಟ್ಟುತ್ತಿದ್ದಾರೆ. ಯಾವುದನ್ನು ಮೊದಲು ಮಾಡಲಿ?”

ತಂಗೀ, ಮೊದಲು ವಿಳಾಸ. ಮಿಕ್ಕಿದ್ದೆಲ್ಲ ಅದರ ಹಿಂದೆ. ಸೆಪ್ಟೆಂಬರ್ ಕೊನೆಗೆ ಮ್ಯೂನಿಕ್‌ನಲ್ಲಿ ಆಕ್ಟೋಬರ್‌ಫೆಸ್ಟ್ ಎಂಬ ದೊಡ್ಡ ಬಿಯರ್ ಜಾತ್ರೆ ನಡೆಯುತ್ತಿರುತ್ತದೆ, ಸಾಮಾನ್ಯವಾಗಿ ಅಕ್ಟೋಬರ್‌ನ ಮೊದಲ ಭಾನುವಾರದ ತನಕ. ಆ ದಿನಗಳಲ್ಲಿ ಹೋಟೆಲು, ಹಾಸ್ಟೆಲು ಎಲ್ಲದರ ಬಾಡಿಗೆ ಗಗನಕ್ಕೇರುತ್ತದೆ. ‘ಹೋದ ಮೇಲೆ ನೋಡಿಕೊಳ್ಳೋಣ’ ಎನ್ನುವುದು ಅಲ್ಲಿ ನಡೆಯುವುದಿಲ್ಲ. ಈಗಲೇ ಒಂದು ತಿಂಗಳ ಮಟ್ಟಿಗೆ ಒಳಬಾಡಿಗೆಯ ಕೋಣೆ ಹಿಡಿಯಿರಿ. ಹಿಡಿಯುವ ಮುಂಚೆ ಮಾಲೀಕರನ್ನು ಒಂದೇ ಪ್ರಶ್ನೆ ಕೇಳಿ: ‘ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್ ಕೊಡುತ್ತೀರಾ?’ ನೀವು ಅವರ ಮನೆಯಲ್ಲಿದ್ದೀರಿ ಎಂದು ಅವರು ಸಹಿ ಹಾಕಿಕೊಡುವ ಒಂದು ಹಾಳೆ ಅದು. ಹೋಟೆಲಿನವರು ಸಾಮಾನ್ಯವಾಗಿ ಕೊಡುವುದಿಲ್ಲ. ಅದಿಲ್ಲದೆ ವಿಳಾಸದ ನೋಂದಣಿ, ಅಂದರೆ ಆನ್‌ಮೆಲ್ಡುಂಗ್, ಆಗದು.

ಮನೆ ಹೊಕ್ಕ ಎರಡು ವಾರದೊಳಗೆ ನೋಂದಣಿ ಮಾಡಿಸಬೇಕು ಎಂಬುದು ಕಾನೂನು. ಬ್ಯೂರ್ಗರ್‌ಬ್ಯೂರೊ ಎಂಬ ಪಾಲಿಕೆಯ ಕಚೇರಿಗೆ ಆನ್‌ಲೈನ್‌ನಲ್ಲಿ ಸಮಯ ಕಾಯ್ದಿರಿಸಬೇಕು. ಸೆಮಿಸ್ಟರ್ ಶುರುವಾಗುವ ಹೊತ್ತಿಗೆ ನೂಕುನುಗ್ಗಲು, ಎರಡು ವಾರದೊಳಗೆ ಸಮಯ ಸಿಗದೆಯೂ ಹೋಗಬಹುದು. ಸಿಕ್ಕ ಮೊದಲ ದಿನವನ್ನೇ ಹಿಡಿದು, ಕಾಯ್ದಿರಿಸಿದ ಇಮೇಲ್ ಜೋಪಾನ ಮಾಡಿ. ವಿಳಂಬ ನಿಮ್ಮಿಂದ ಆದದ್ದಲ್ಲ ಎಂಬುದಕ್ಕೆ ಅದೇ ದಾಖಲೆ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಒಂದು ತೊಡಕಿದೆ. ಪಾಸ್‌ಪೋರ್ಟ್‌ನಲ್ಲಿ ಕೆಲವರಿಗೆ ಸರ್‌ನೇಮ್ ಖಾಲಿ, ಕೆಲವರಿಗೆ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು. ಕಚೇರಿಯಲ್ಲಿ ಯಾವ ರೀತಿ ಟೈಪ್ ಮಾಡುತ್ತಾರೋ ತೆರಿಗೆ ಸಂಖ್ಯೆಯೂ ಅದೇ ಹೆಸರಿಗೆ ಬರುತ್ತದೆ. ಸಹಿ ಹಾಕುವ ಮುಂಚೆ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿ. ಅದೇ ಹೆಸರನ್ನು ಅವತ್ತೇ ಅಂಚೆಪೆಟ್ಟಿಗೆಯ ಮೇಲೆ ಅಂಟಿಸಿ. ಅಲ್ಲಿ ಪೋಸ್ಟ್‌ಮನ್ ಮನೆ ನಂಬರ್ ನೋಡಿ, ಪಕ್ಕದ ಮನೆಯವರನ್ನು ಕೇಳಿ ಕಾಗದ ಕೊಡುವುದಿಲ್ಲ. ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ವಾಪಸ್. ಬ್ಯಾಂಕ್ ಕಾರ್ಡು ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ, ವಿಮೆಯ ಕಾರ್ಡು, ತೆರಿಗೆ ಸಂಖ್ಯೆ ಎಲ್ಲವೂ ಅಂಚೆಯಲ್ಲೇ ಬರುತ್ತವೆ. ಮೊದಲ ತಿಂಗಳ ಗೋಳು ಬಹುಪಾಲು ಹುಟ್ಟುವುದು ಈ ಚಿಕ್ಕ ಚೀಟಿ ಅಂಟಿಸದೆ.

ವಿಡಿಯೊದಲ್ಲಾದರೂ ರೂಮು ನೋಡದೆ ದುಡ್ಡು ಕಳಿಸಬೇಡಿ. ‘ನಾನು ಊರಲ್ಲಿಲ್ಲ, ಡೆಪಾಸಿಟ್ ಹಾಕಿ, ಕೀ ಕೊರಿಯರ್ ಮಾಡುತ್ತೇನೆ’ ಎಂದರೆ ಮೋಸವೆಂದೇ ತಿಳಿಯಿರಿ. ನಮ್ಮಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅಭ್ಯಾಸವಾಗಿದೆ. ಅಲ್ಲಿ ಕಾನೂನಿನ ಮಿತಿ ಮೂರು ತಿಂಗಳ ಮೂಲ ಬಾಡಿಗೆ, ಅದಕ್ಕಿಂತ ಹೆಚ್ಚು ಕೇಳುವಂತಿಲ್ಲ.
— ವಿದೇಶ ವ್ಯಾಸಂಗ ಸಲಹೆಗಾರ್ತಿ, ಮಲ್ಲೇಶ್ವರ

ದುಡ್ಡಿನ ಬಗ್ಗೆ ಇಷ್ಟು. ವೀಸಾಕ್ಕಾಗಿ ಒಂದು ವರ್ಷದ ಖರ್ಚನ್ನು ಮೊದಲೇ ಕೂಡಿಟ್ಟು, ತಿಂಗಳಿಗಿಷ್ಟೆಂದು ತೆಗೆಯಬೇಕಾದ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಟ್ಟಿದ್ದರೂ ಕೈಗೆ ಬರುವುದು ತಿಂಗಳಿಗೆ 992 ಮಾತ್ರ. ಅದೂ ಅಲ್ಲಿ ಒಂದು ಮಾಮೂಲಿ ಖಾತೆ ತೆರೆದು, ಅದರ ನಂಬರ್ ಕೊಟ್ಟ ಮೇಲೆ. ಕೆಲವು ಆನ್‌ಲೈನ್ ಬ್ಯಾಂಕುಗಳ ವಿಡಿಯೊ ಪರಿಶೀಲನೆಯಲ್ಲಿ ಭಾರತದ ಪಾಸ್‌ಪೋರ್ಟ್ ಸ್ವೀಕರಿಸುವುದಿಲ್ಲ. ಆಗ ಪಾಸ್‌ಪೋರ್ಟ್ ಹಿಡಿದು ಅಂಚೆ ಕಚೇರಿಗೇ ಹೋಗಿ ಗುರುತು ತೋರಿಸಬೇಕು. ಇದಕ್ಕೆಲ್ಲ ದಿನಗಳು ಹಿಡಿಯುತ್ತವೆ. ಹಾಗಾಗಿ ಬಾಡಿಗೆ, ಡೆಪಾಸಿಟ್, ಒಂದೂವರೆ ತಿಂಗಳ ಖರ್ಚು, ಇವಿಷ್ಟನ್ನು ಬ್ಲಾಕ್ಡ್ ಅಕೌಂಟ್‌ನ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿ ಫಾರೆಕ್ಸ್ ಕಾರ್ಡಿನಲ್ಲಿ ಹಾಕಿಸಿಕೊಳ್ಳಿ. ನಗದು 300 ಯೂರೋ ಸಾಕು, 10, 20, 50ರ ನೋಟುಗಳಲ್ಲಿ.

ಇಲ್ಲಿನ ಡೆಬಿಟ್ ಕಾರ್ಡಿನ ವಿದೇಶಿ ಬಳಕೆಯನ್ನು ಹೊರಡುವ ಮುಂಚೆ ಆ್ಯಪ್‌ನಲ್ಲಿ ಆನ್ ಮಾಡಿ. ಎಟಿಎಂ, ಅಂಗಡಿ, ಆನ್‌ಲೈನ್, ಪ್ರತಿಯೊಂದಕ್ಕೂ ಬೇರೆ ಬೇರೆ ಸ್ವಿಚ್ ಇರುತ್ತದೆ. ಓಟಿಪಿ ಬರುವುದು ಇಲ್ಲಿನ ನಂಬರಿಗೇ ಆದ್ದರಿಂದ ರೋಮಿಂಗ್ ಸೌಲಭ್ಯವನ್ನು ಬೆಂಗಳೂರಿನಲ್ಲೇ ಚಾಲೂ ಮಾಡಿಸಿ. ರೀಚಾರ್ಜ್ ಮುಗಿಯದಂತೆ ನೋಡಿಕೊಳ್ಳುವ ಹೊಣೆ ಮನೆಯವರಿಗೆ ಒಪ್ಪಿಸಿ. ಸಿಮ್ ನಿಂತರೆ ಬ್ಯಾಂಕ್ ಖಾತೆಯೂ ಕೈಗೆಟುಕುವುದಿಲ್ಲ.

ವಿದ್ಯಾರ್ಥಿಗಳ ಆರೋಗ್ಯ ವಿಮೆಗೆ ಇಲ್ಲಿಂದಲೇ ಅರ್ಜಿ ಹಾಕಬಹುದು. ವಿಮಾ ಸಂಸ್ಥೆಯೇ ವಿಶ್ವವಿದ್ಯಾಲಯಕ್ಕೆ ಡಿಜಿಟಲ್ ಸೂಚನೆ ಕಳಿಸಬೇಕು, ಇಲ್ಲದಿದ್ದರೆ ದಾಖಲಾತಿ ಪೂರ್ತಿಯಾಗದು. ಸೆಮಿಸ್ಟರ್ ಲೆಕ್ಕ ಅಕ್ಟೋಬರ್ 1ರಿಂದ, ಈ ವಿಮೆಯೂ ಆಗಲೇ ಶುರು. ಅದಕ್ಕೆ ಮುಂಚಿನ ದಿನಗಳಿಗೆ ಪ್ರಯಾಣ ವಿಮೆ ಬೇಕೇ ಬೇಕು.
— ನಿವೃತ್ತ ಬ್ಯಾಂಕ್ ಅಧಿಕಾರಿ, ಜಯನಗರ 4ನೇ ಬ್ಲಾಕ್

ಪುಟ್ಟಾ, ಅಮ್ಮನಿಗೆ ಈ ಪತ್ರ ತೋರಿಸು. ತುಪ್ಪ, ಪೇಡ, ಖೋವಾದ ಸಿಹಿ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ತರುವುದಕ್ಕೆ ಯುರೋಪಿನಲ್ಲಿ ನಿಷೇಧವಿದೆ, ಕಸ್ಟಮ್ಸ್‌ನಲ್ಲಿ ತೆಗೆದು ಬಿಸಾಡುತ್ತಾರೆ. ಹಸಿ ಕರಿಬೇವೂ ಬೇಡ, ಒಣಗಿಸಿ ಪುಡಿ ಮಾಡಿ ಚಟ್ನಿಪುಡಿಗೆ ಸೇರಿಸಲಿ. ಸಾರಿನ ಪುಡಿ, ಹುಳಿಪುಡಿ ಕಾಲು ಕಾಲು ಕೆಜಿ, ಪುಳಿಯೋಗರೆ ಗೊಜ್ಜು ಒಂದು ಸಣ್ಣ ಡಬ್ಬಿ, ಇಂಗು, ಸಾಸಿವೆ. ಗೊಜ್ಜಿನ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಮೇಲೆ ಟೇಪ್ ಸುತ್ತಿ, ಕವರಿನೊಳಗೆ ಹಾಕಿ ಚೆಕ್-ಇನ್ ಸೂಟ್‌ಕೇಸ್‌ನಲ್ಲೇ ಇಡಲಿ. ಎಣ್ಣೆ ಸೋರಿದರೆ ಬಟ್ಟೆಯೆಲ್ಲ ಹಾಳು.

ಕುಕ್ಕರ್ ಮೂರು ಲೀಟರಿನದು, ಇಂಡಕ್ಷನ್ ತಳದ ಸ್ಟೀಲ್‌ದೇ ಆಗಲಿ. ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಕಾಯುವುದೇ ಇಲ್ಲ. ಗ್ಯಾಸ್ಕೆಟ್ ಒಂದು ಜಾಸ್ತಿ ಇಟ್ಟುಕೋ. ಅಕ್ಕಿ, ಬೇಳೆ ಹೊರಬೇಡ. ಅಲ್ಲಿನ ಸಾಮಾನ್ಯ ಅಂಗಡಿಯಲ್ಲೇ ಮಸೂರ್ ಬೇಳೆ ‘ರೋಟೆ ಲಿನ್ಸೆನ್’ ಹೆಸರಿನಲ್ಲಿ ಸಿಗುತ್ತದೆ, ಕುಕ್ಕರ್ ಇಲ್ಲದೆಯೂ ಕಾಲು ಗಂಟೆಯಲ್ಲಿ ಬೇಯುತ್ತದೆ. ‘ಮಿಲ್ಶ್‌ರೈಸ್’ ಎಂದು ಬರೆದ ಅಕ್ಕಿ ತರಬೇಡ, ಅದು ಪಾಯಸಕ್ಕಾದೀತು, ಅನ್ನ ಮಾಡಿದರೆ ಮುದ್ದೆಯಾಗುತ್ತದೆ. ಒಗ್ಗರಣೆ ಹಾಕುವಾಗ ಕಿಟಕಿ ತೆರೆದು ಎಣ್ಣೆ ಹದವಾಗಿ ಕಾಯಿಸು, ಹೊಗೆ ಎದ್ದರೆ ಅಲಾರಂ ಕೂಗುತ್ತದೆ. ಮೊದಲ ಎರಡು ದಿನಕ್ಕೆ ಅವಲಕ್ಕಿ ಕೈಚೀಲದಲ್ಲೇ ಇರಲಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೂ ರಾತ್ರಿ ಎಂಟಕ್ಕೆ ಬಾಗಿಲು ಹಾಕುತ್ತಾರೆ. ಅಕ್ಟೋಬರ್ 3 ರಾಷ್ಟ್ರೀಯ ರಜೆ. ತೀರಾ ತುರ್ತಾದರೆ ದೊಡ್ಡ ರೈಲು ನಿಲ್ದಾಣದ ಅಂಗಡಿಯೇ ಗತಿ. ನಲ್ಲಿ ನೀರು ಧೈರ್ಯವಾಗಿ ಕುಡಿ.
— ಗೃಹಿಣಿ, ಬಸವನಗುಡಿ

ಇನ್ನೆರಡು ಮಾತು. ವಿಮಾನ ನಿಲ್ದಾಣದಿಂದ ಊರೊಳಕ್ಕೆ ಎಸ್1, ಎಸ್8 ರೈಲುಗಳಿವೆ. ನಮ್ಮ ಮೆಟ್ರೊದಂತೆ ಅಲ್ಲಿ ಗೇಟುಗಳಿಲ್ಲ, ಟಿಕೆಟ್ ಇಲ್ಲದೆಯೂ ಹತ್ತಿಬಿಡಬಹುದು. ಎಡವುವುದು ಅಲ್ಲೇ. ಕೆಲವು ಟಿಕೆಟ್‌ಗಳನ್ನು ಕೊಂಡ ಮೇಲೆ ಪ್ಲಾಟ್‌ಫಾರ್ಮಿಗೆ ಇಳಿಯುವ ಮುಂಚೆ ಚಿಕ್ಕ ಯಂತ್ರದಲ್ಲಿ ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆ ಇಲ್ಲದ ಟಿಕೆಟ್ ಟಿಕೆಟೇ ಅಲ್ಲ, ದಂಡ 60 ಯೂರೋ. ಹೊಸಬಳು ಎಂದರೂ ಬಿಡುವುದಿಲ್ಲ.

ಪ್ಯಾರಸಿಟಮಾಲ್ ಕೂಡ ಔಷಧಿ ಅಂಗಡಿಯಲ್ಲಿ ಬಿಟ್ಟು ಸೂಪರ್ ಮಾರ್ಕೆಟ್‌ನಲ್ಲಿ ಸಿಗದು. ಒಂದೆರಡು ಸ್ಟ್ರಿಪ್ ಜೊತೆಗಿರಲಿ. ರೂಢಿಯ ಮಾತ್ರೆಗಳಿದ್ದರೆ ವೈದ್ಯರ ಚೀಟಿ ಸಮೇತ ಒಯ್ಯಿರಿ. ರಾತ್ರಿಯೋ ಭಾನುವಾರವೋ ಜ್ವರ ಬಂದು ಡಾಕ್ಟರ್ ಬೇಕಾದರೆ 116117, ಜೀವಕ್ಕೆ ಅಪಾಯವೆನಿಸಿದರೆ 112. ಎರಡೂ ನಂಬರುಗಳನ್ನು ಇವತ್ತೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.
— ಸ್ನಾತಕೋತ್ತರ ವಿದ್ಯಾರ್ಥಿ, ವಿಜಯನಗರ