ಲ್ಯಾಂಬೋರ್ಗಿನಿ ಮಿಯುರಾ: ವೇಗ ಹೆಚ್ಚಿದಂತೆ ಸ್ಟಿಯರಿಂಗ್ ಹಗುರವಾಗುವುದೇಕೆ?

ಪ್ರಶ್ನೆ:
1966ರಿಂದ 1973ರವರೆಗೆ ತಯಾರಾದ ಮಿಯುರಾ ಕಾರಿನ ಬಗ್ಗೆ ಓದುವಾಗಲೆಲ್ಲ ಎರಡು ಬಗೆಯ ಮಾತುಗಳು ಎದುರಾಗುತ್ತವೆ. ಕಾರುಗಳ ಹೊರಮೈ ರೂಪಿಸುವ ಇಟಲಿಯ ಬೆರ್ಟೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿ ರೂಪಿಸಿದ ಅದರ ಚೆಲುವನ್ನು ಹೊಗಳದವರಿಲ್ಲ; ಆದರೆ ಓಡಿಸಿದವರು ಕ್ಯಾಬಿನ್ನಿನ ಕಾವು, ಬಿಗಿಯಾದ ಗೇರು, ಅತಿವೇಗದಲ್ಲಿ ಹಗುರವಾಗುವ ಸ್ಟಿಯರಿಂಗ್ ಇವುಗಳನ್ನು ಹೇಳದೆ ಬಿಡುವುದಿಲ್ಲ. ಇವು ಆ ಕಾಲದ ವೇಗದ ಕಾರುಗಳಿಗೆಲ್ಲ ಸಾಮಾನ್ಯವಾಗಿದ್ದ ಕೊರತೆಗಳೇ, ಇಲ್ಲವೇ ಈ ಕಾರಿನ ವಿನ್ಯಾಸದಲ್ಲಿಯೇ ಬೇರೂರಿದ್ದವೇ? ಕೊನೆಯಲ್ಲಿ ಬಂದ ಎಸ್‌ವಿ ಮಾದರಿಯಲ್ಲಿ ಅವು ನಿಜಕ್ಕೂ ನೀಗಿದವೇ? ತಿಳಿದವರು ವಿವರಿಸಬೇಕಾಗಿ ವಿನಂತಿ.

ಉತ್ತರ 1:
ಬಹುಪಾಲು ವಿನ್ಯಾಸದಲ್ಲಿಯೇ ಬೇರೂರಿದ್ದವು. ರೇಸಿನಲ್ಲಿ ಒಲವಿಲ್ಲದ, ನಯವಾದ ದೂರಪ್ರಯಾಣದ ಕಾರುಗಳನ್ನೇ ಮಾಡಬಯಸಿದ್ದ ಫೆರುಚ್ಚೊ ಲ್ಯಾಂಬೋರ್ಗಿನಿಯವರ ಕಾರ್ಖಾನೆಯಲ್ಲಿ, ಜಾನ್ ಪಾವೊಲೊ ದಲ್ಲಾರ, ಪಾವೊಲೊ ಸ್ಟಾಂಜಾನಿ ಎಂಬ ಇಬ್ಬರು ಯುವ ಎಂಜಿನಿಯರುಗಳು ನ್ಯೂಜಿಲೆಂಡಿನ ಪರೀಕ್ಷಾ ಚಾಲಕ ಬಾಬ್ ವಾಲೇಸ್ ಜೊತೆಗೂಡಿ, ರೇಸ್ ಕಾರಿನ ಮೈಕಟ್ಟನ್ನು ರಸ್ತೆಗಿಳಿಸಲು ಹೊರಟರು. 3929 ಸಿಸಿಯ ಹನ್ನೆರಡು ಸಿಲಿಂಡರಿನ ಎಂಜಿನ್ನನ್ನು ಆಸನಗಳ ಹಿಂದೆ ಉದ್ದುದ್ದಕ್ಕೆ ಇಟ್ಟರೆ ಕಾರು ಅತಿಯಾಗಿ ನೀಳವಾಗುತ್ತಿತ್ತು. ಆದ್ದರಿಂದ ಅವರು ಅದನ್ನು ಅಡ್ಡಲಾಗಿ ಕೂರಿಸಿ, ಗೇರ್‌ಬಾಕ್ಸ್ ಮತ್ತು ಡಿಫರೆನ್ಷಿಯಲ್ಲನ್ನು (ಎರಡು ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆ) ಎಂಜಿನ್ನಿನೊಂದಿಗೆ ಒಂದೇ ಎರಕದಲ್ಲಿ ಸೇರಿಸಿದರು. ಬ್ರಿಟನ್ನಿನ ಪುಟ್ಟ ಮಿನಿ ಕಾರಿನ ಅಡ್ಡ ಎಂಜಿನ್ ಇದಕ್ಕೆ ಪ್ರೇರಣೆಯಾಗಿತ್ತು ಎನ್ನುವುದು ನನಗೆ ಇಂದಿಗೂ ಸೋಜಿಗದ ಸಂಗತಿ. 1965ರ ಟ್ಯೂರಿನ್ ಪ್ರದರ್ಶನದಲ್ಲಿ ಬರಿಯ ಚಾಸಿಯನ್ನೂ (ಹೊರಮೈ ಇಲ್ಲದ ಅಡಿಕಟ್ಟು) ಮರುವರ್ಷ ಜಿನೀವಾದಲ್ಲಿ ಪೂರ್ಣ ಕಾರನ್ನೂ ಜನರ ಮುಂದಿಟ್ಟರು.

ಈ ಒಂದು ತೀರ್ಮಾನದ ಫಲವನ್ನೇ ಚಾಲಕ ಅನುಭವಿಸುತ್ತಾನೆ. ಗೇರ್‌ಬಾಕ್ಸ್ ಎಂಜಿನ್ನಿನ ಆಚೆ ಬದಿಯಲ್ಲಿರುವುದರಿಂದ ಗೇರ್ ಲಿವರಿನ ಸಂಪರ್ಕ ಇಡೀ ಎಂಜಿನ್ನನ್ನು ದಾಟಿ ಹೋಗಬೇಕು. ಹಾಗಾಗಿ ಗೇರನ್ನು ಅವಸರದಲ್ಲಿ ಬದಲಿಸಲು ಬಾರದು, ಕೈಬಲವೂ ಬೇಕು. ಎಂಜಿನ್ ತಲೆಯ ಹಿಂದೆಯೇ, ಒಂದು ಗಾಜಿನಾಚೆ ಇರುವುದರಿಂದ ಅದರ ಕಾವು ಕ್ಯಾಬಿನ್ನಿಗೆ ತಟ್ಟುತ್ತದೆ; ಕಾರ್ಬ್ಯುರೇಟರುಗಳು (ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಸಾಧನಗಳು) ಗಾಳಿ ಎಳೆಯುವ ಸದ್ದೂ ಕೇಳುತ್ತದೆ. ಆ ಸದ್ದಿಗಾಗಿ ಕಾವನ್ನು ಸಹಿಸುವವರೂ ಇದ್ದಾರೆ.

ಉತ್ತರ 2:
ಗೇರು ಮತ್ತು ಕಾವಿನ ವಿಷಯದಲ್ಲಿ ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಸ್ಟಿಯರಿಂಗ್ ಹಗುರವಾಗುವುದಕ್ಕೆ ಎಂಜಿನ್ನಿನ ಸ್ಥಾನವೊಂದನ್ನೇ ದೂರುವುದು ಸರಿಯಲ್ಲ. ಮಿಯುರಾದ ಪೆಟ್ರೋಲ್ ಟ್ಯಾಂಕ್ ಮುಂಭಾಗದಲ್ಲಿದೆ. ಟ್ಯಾಂಕ್ ತುಂಬಿರುವಾಗ ಮುಂದಿನ ಚಕ್ರಗಳ ಮೇಲೆ ಸಾಕಷ್ಟು ಭಾರವಿರುತ್ತದೆ, ಪೆಟ್ರೋಲ್ ಖರ್ಚಾದಂತೆ ಅದು ಇಳಿಯುತ್ತ ಹೋಗುತ್ತದೆ. ಇದರ ಜೊತೆಗೆ ಆ ಸುಂದರವಾದ ತಗ್ಗು ಮೂತಿಯೇ ಅತಿವೇಗದಲ್ಲಿ ಗಾಳಿಯಿಂದ ಮೇಲಕ್ಕೆತ್ತಲ್ಪಡುತ್ತದೆ. ಅಂದರೆ ಇಲ್ಲಿ ಎಂಜಿನಿಯರುಗಳಷ್ಟೇ ಅಲ್ಲ, ನಾವೆಲ್ಲರೂ ಮೆಚ್ಚುವ ಆ ಆಕಾರವೂ ಹೊಣೆ. ಕಾರ್ಖಾನೆಯವರಿಗೆ ಇದು ತಿಳಿದಿತ್ತು ಎನ್ನಲು ವಾಲೇಸ್ 1970ರಲ್ಲಿ ಕಟ್ಟಿದ ಯೋಟಾ ಎಂಬ ಪ್ರಯೋಗದ ಕಾರೇ ಸಾಕ್ಷಿ: ಅದರಲ್ಲಿ ಮುಂದಿನ ಟ್ಯಾಂಕನ್ನು ತೆಗೆದು ಬಾಗಿಲುಗಳ ಕೆಳಗಿನ ಎರಡು ಪಕ್ಕಗಳಲ್ಲಿ ಚಿಕ್ಕ ಟ್ಯಾಂಕುಗಳನ್ನು ಇಟ್ಟರು, ಮೂತಿಯ ಕೆಳಗೆ ಗಾಳಿಯ ಎತ್ತುವಿಕೆಯನ್ನು ತಗ್ಗಿಸುವ ಸ್ಪಾಯ್ಲರ್ ಪಟ್ಟಿ ಜೋಡಿಸಿದರು. ಆ ಕಾರು ಮಾರಾಟವಾದ ಮೇಲೆ 1971ರಲ್ಲಿ ಅಪಘಾತದಲ್ಲಿ ನಾಶವಾಯಿತು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಎಸ್‌ವಿಯಲ್ಲಿ ಯಾವುದು ಬದಲಾಯಿತು? ಈ ಕಾರುಗಳಿಗೆ ಬೆಂಕಿ ಹತ್ತುತ್ತಿತ್ತು ಎನ್ನುವುದಕ್ಕೂ ಎಂಜಿನ್ನಿನ ಕಾವೇ ಕಾರಣವೇ?

ಉತ್ತರ 3:
1971ರಲ್ಲಿ ಬಂದ ಎಸ್‌ವಿಯ ಶಕ್ತಿ 385 ಅಶ್ವಶಕ್ತಿಗೇರಿತು; ಮೊದಲ ಮಾದರಿಯದು 350, ನಡುವಿನ ಎಸ್ ಮಾದರಿಯದು 370. ಓಡಿಸುವವನಿಗೆ ಅದಕ್ಕಿಂತ ಮುಖ್ಯವಾದದ್ದು ಹಿಂಬದಿಯ ಸಸ್ಪೆನ್ಷನ್ನಿನ ಮಾರ್ಪಾಡು, ಅಗಲವಾದ ಹಿಂದಿನ ಟೈರುಗಳು ಮತ್ತು ಗಟ್ಟಿಗೊಂಡ ಚಾಸಿ. ತಿರುವಿನಲ್ಲಿ ಹಿಂಬದಿ ಹೆಚ್ಚು ನೆಚ್ಚಿಕೆಗೆ ಬಂತು. ಮೊದಲಿನ ಕಾರುಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿಗೆ ಒಂದೇ ಆಯಿಲ್ ಇದ್ದುದರಿಂದ ಗೇರಿನ ಹಲ್ಲುಗಳಿಂದ ಸವೆದ ಲೋಹದ ಪುಡಿ ಎಂಜಿನ್ನಿನೊಳಗೂ ಸುತ್ತುವ ಅಪಾಯವಿತ್ತು. ಎಸ್‌ವಿಯ ಕೊನೆಕೊನೆಯ ಕಾರುಗಳಲ್ಲಿ ಎರಡನ್ನೂ ಬೇರ್ಪಡಿಸಿದರು. ಟ್ಯಾಂಕ್ ಮಾತ್ರ ಮುಂದೆಯೇ ಉಳಿಯಿತು, ಆದ್ದರಿಂದ ಮೂತಿಯ ದೋಷ ಪೂರ್ತಿ ನೀಗಿತೆನ್ನಲಾಗದು. ಹೆಡ್‌ಲೈಟುಗಳ ಸುತ್ತಲಿನ, ಕಣ್ಣರೆಪ್ಪೆಯಂತೆ ಕಾಣುವ ಕಪ್ಪು ಪಟ್ಟಿಗಳು ಎಸ್‌ವಿಯಲ್ಲಿ ಕಾಣೆಯಾದದ್ದಕ್ಕೆ ಮರುಗುವವರೂ ಇದ್ದಾರೆ. ಅವರಲ್ಲಿ ನಾನೂ ಒಬ್ಬ.

ಬೆಂಕಿಗೆ ಕಾವೊಂದೇ ಕಾರಣವಲ್ಲ. ಮಿಯುರಾದಲ್ಲಿ ತಲಾ ಮೂರು ಕೊಳವೆಗಳ ನಾಲ್ಕು ವೆಬರ್ ಕಾರ್ಬ್ಯುರೇಟರುಗಳಿದ್ದವು. ರೇಸಿಗೆಂದು ಮಾಡಿದ ಅಂತಹ ಕಾರ್ಬ್ಯುರೇಟರುಗಳು ಸತತ ವೇಗದಲ್ಲಿ ಚೆನ್ನಾಗಿ ನಡೆದರೂ, ವಾಹನ ದಟ್ಟಣೆಯಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ ಪೆಟ್ರೋಲ್ ಮೇಲ್ಭಾಗದಲ್ಲಿ ಸೇರಿ ಹೊರಚೆಲ್ಲುವ ಸಾಧ್ಯತೆಯಿತ್ತು. ಎಂಜಿನ್ ಒಮ್ಮೆ ಹಿಂದಕ್ಕೆ ಸಿಡಿದರೆ ಅದಕ್ಕೆ ಕಿಡಿ ತಗಲುತ್ತಿತ್ತು. ಇಂದು ಈ ಕಾರುಗಳನ್ನು ಓಡಿಸುವವರು ಪೆಟ್ರೋಲ್ ಕೊಳವೆಗಳನ್ನೂ ಕಾರ್ಬ್ಯುರೇಟರುಗಳ ಫ್ಲೋಟ್ ಮಟ್ಟವನ್ನೂ (ಒಳಗೆ ನಿಲ್ಲುವ ಪೆಟ್ರೋಲಿನ ಮಟ್ಟ) ಮೊದಲು ಸರಿಪಡಿಸಿಕೊಂಡು, ಸಿಗ್ನಲ್ಲುಗಳಲ್ಲಿ ಎಂಜಿನ್ನನ್ನು ಬಹಳ ಹೊತ್ತು ನಿಧಾನಗತಿಯಲ್ಲಿ ಬಿಡದಿರುವುದು ಮೇಲು.