38 ಡಾಲರ್‌ನ ರೈ ವಿಸ್ಕಿ ಬಡಗಿ ಅಂಗಡಿಯಂತೆ ನಾರುತ್ತಿದೆ, ಮಾವನಿಗೆ ಕೊಡಲಾ?

ಎಡಿಸನ್ ಅಳಿಯ
ಮುಂದಿನ ಶನಿವಾರ ಮಾವ ಹಾಸನದಿಂದ ನ್ಯೂಜೆರ್ಸಿಗೆ ಬರುತ್ತಿದ್ದಾರೆ. ಜೀವಮಾನವೆಲ್ಲ ರಮ್ ಕುಡಿದವರು. ಹೊಸದೇನಾದರೂ ಕೊಡೋಣ ಅಂತ 38 ಡಾಲರ್ ಕೊಟ್ಟು ಒಂದು ರೈ ತಂದೆ, ರೈ ಅನ್ನೋ ಕಾಳಿನಿಂದ ಮಾಡಿದ ವಿಸ್ಕಿ. ಪೀಪಾಯಿಯಿಂದ ತೆಗೆದ ಮೇಲೆ ಹುರಿದ ಓಕ್ ಮರದ ಜೊತೆ ಮತ್ತೊಂದಿಷ್ಟು ದಿನ ಇಟ್ಟಿದ್ದಂತೆ. ನಿನ್ನೆ ಮುಚ್ಚಳ ತೆಗೆದು ಒಂದು ಗುಟುಕು ಕುಡಿದರೆ ಬರೀ ಮರದ ಹೊಟ್ಟು, ಕೊನೆಗೆ ಒಗರು. ತೆರೆದ ಬಾಟಲಿ ದಿನ ಕಳೆದಂತೆ ಸರಿಹೋಗುತ್ತಾ? ರಮ್ ನಾಲಿಗೆಗೆ ಇದು ಹಿಡಿಸುತ್ತಾ? ಅನುಭವ ಇದ್ದವರು ಹೇಳಿ.

ಗ್ಯಾರೇಜ್ ಗೌಡ
ನೀವು 38ಕ್ಕೆ ಬಚಾವ್. ನನ್ನ ಕಥೆ ಕೇಳಿ. ಮರ ತಾನೇ, ಮನೆಯಲ್ಲೇ ಹಾಕೋಣ ಅಂದುಕೊಂಡೆ. ಸಾದಾ ರೈ ಎರಡು ಬಾಟಲಿ, ತಲಾ 28. ವೈನ್ ಮಾಡುವವರ ಅಂಗಡಿಯಿಂದ ಓಕ್ ಕಡ್ಡಿ, 14. ಗಾಜಿನ ಜಾಡಿಗಳು, 11. ಒಟ್ಟು 81 ಡಾಲರ್. ಕಡ್ಡಿಗಳನ್ನು ಓವನ್‌ನಲ್ಲಿ ಹುರಿಯುವಾಗ ಹೊಗೆ ಅಲಾರಾಂ ಹೊಡೆದು ಪಕ್ಕದ ಮನೆಯವರು ಎದ್ದು ಬಂದರು. ಮೊದಲ ವಾರ ಬಣ್ಣ ನೋಡಿ ಖುಷಿಯೋ ಖುಷಿ. ಎರಡನೇ ವಾರ ಕೊಬ್ಬರಿ ವಾಸನೆ, ಇನ್ನೂ ಖುಷಿ. ಅವತ್ತೇ ಕಡ್ಡಿ ತೆಗೆದಿದ್ದರೆ ಈ ಕಥೆ ಹೇಳುತ್ತಿರಲಿಲ್ಲ. ಆಸೆಗೆ ಬಿದ್ದು ಮೂರನೇ ವಾರಕ್ಕೆ ಬಿಟ್ಟೆ. ಎಳೆ ಅಡಿಕೆ ಅಗಿದ ಹಾಗಿತ್ತು. ಈಗ ಆ ಜಾಡಿಗಳಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಇದೆ. ನನ್ನ ಹೆಂಡತಿ ಅದನ್ನು 81 ಡಾಲರ್ ಉಪ್ಪಿನಕಾಯಿ ಅಂತಲೇ ಬಡಿಸುತ್ತಾಳೆ.

ಲೂಯಿವಿಲ್ ಮೇಷ್ಟ್ರು
ಎರಡನೇ ಮರ ಯಾಕೆ ಬೇಕು ಅಂತ ಯಾರೂ ಕೇಳುವುದೇ ಇಲ್ಲ. ಅಮೆರಿಕದ ಕಾನೂನಿನಲ್ಲಿ ರೈ ವಿಸ್ಕಿ ಅಂದರೆ ಕಾಳಿನಲ್ಲಿ ಕನಿಷ್ಠ 51% ರೈ, ಆಮೇಲೆ ಒಳಮೈ ಸುಟ್ಟ ಹೊಸ ಓಕ್ ಪೀಪಾಯಿ. ಹೊಸ ಮರ ಒಮ್ಮೆ ಆಗಲೇ ಬಿದ್ದಿದೆ! ಎಳೆ ಸರಕಿನ ಮುಖಕ್ಕೆ ಪೌಡರ್ ಬಳಿಯುವುದಕ್ಕೆ ಇದೆಲ್ಲ. ನಾನು 11 ವರ್ಷದಿಂದ ರಿಟನ್‌ಹೌಸ್ ಬಿಟ್ಟು ಬೇರೆ ರೈ ಮುಟ್ಟಿಲ್ಲ. ಚೀಟಿ ಮೇಲೆ ಬಾಟಲ್ಡ್ ಇನ್ ಬಾಂಡ್ ಅಂತಿರುತ್ತೆ. 1897ರ ಕಾನೂನು. ಒಂದೇ ಭಟ್ಟಿ, ಒಂದೇ ಹಂಗಾಮು, ಪೀಪಾಯಿಯಲ್ಲಿ ಕನಿಷ್ಠ 4 ವರ್ಷ, ಆಲ್ಕೋಹಾಲ್ ಸರಿಯಾಗಿ 50%. ನಮ್ಮ ಕಡೆ 30 ಡಾಲರ್ ಆಸುಪಾಸು. ಇನ್ನೇನು ಬೇಕು?

ಚಿಕಾಗೊ ಚೈತ್ರಾ
11 ವರ್ಷ ಒಂದೇ ಬಾಟಲಿ ಕುಡಿದವರು ಮಿಕ್ಕವನ್ನು ಪೌಡರ್ ಅಂತ ಹೇಗೆ ತೀರ್ಮಾನ ಮಾಡಿದಿರಿ ಮೇಷ್ಟ್ರೇ? ನಾನೂ ಕುಡಿಯುತ್ತೇನೆ, ಯಾರೂ ಗಾಬರಿಯಾಗಬೇಡಿ. ನನ್ನ ಹತ್ತಿರ ಇಂಥದ್ದೇ ಒಂದಿದೆ, 41 ಡಾಲರ್. 95% ರೈ, ಇಂಡಿಯಾನಾದ ಲಾರೆನ್ಸ್‌ಬರ್ಗ್‌ನ ದೊಡ್ಡ ಭಟ್ಟಿಯದು. ಎಷ್ಟೋ ಬ್ರ್ಯಾಂಡ್‌ಗಳ ರೈ ಅಲ್ಲಿಂದಲೇ ಬರುವುದು, ಚೀಟಿ ಮಾತ್ರ ಬೇರೆ ಬೇರೆ. ಮೊದಲ ದಿನ ನನಗೂ ನಾಟಾ ವಾಸನೆಯೇ ಬಂದಿತ್ತು. ಬೈದು ಕಪಾಟಿನ ಹಿಂದೆ ತಳ್ಳಿದೆ. ಮೂರು ವಾರ ಆದ ಮೇಲೆ ತೆಗೆದು, ಅರ್ಧ ಚಮಚ ನೀರು ಬೆರೆಸಿ, ಹತ್ತು ನಿಮಿಷ ಬಿಟ್ಟು ಮೂಸಿದೆ. ಸಬ್ಬಸಿಗೆ ಸೊಪ್ಪು! ಅಮ್ಮ ಅಕ್ಕಿ ರೊಟ್ಟಿಗೆ ಹೆಚ್ಚುತ್ತಿದ್ದಾಗ ಬರುತ್ತಿದ್ದ ಅದೇ ಪರಿಮಳ. ಅದರ ಹಿಂದೆ ಲವಂಗ, ಕರಿಮೆಣಸು, ಜೋನಿ ಬೆಲ್ಲ. ಒಗರು ಪೂರ್ತಿ ಹೋಗಲಿಲ್ಲ, ಸುಳ್ಳು ಹೇಳಲ್ಲ.

ಲೂಯಿವಿಲ್ ಮೇಷ್ಟ್ರು
ಆ ಸಬ್ಬಸಿಗೆ ಪರಿಮಳ ಮರದ ಗುಣ ಅಲ್ಲಮ್ಮ, ರೈ ಕಾಳಿನ ಗುಣ. ನೀವೇ ನನ್ನ ಮಾತನ್ನು ಸಾಬೀತು ಮಾಡಿದಿರಿ.

ಚಿಕಾಗೊ ಚೈತ್ರಾ
"ಅಮ್ಮ" ಅನ್ನುವಷ್ಟು ವಯಸ್ಸಾಗಿಲ್ಲ ನನಗೆ. ಜೋನಿ ಬೆಲ್ಲ ಯಾವ ಕಾಳಿಂದ ಬಂತು ಹೇಳಿ ನೋಡೋಣ. ಮರ ಹುರಿದಾಗ ಅದರೊಳಗಿನ ಸಕ್ಕರೆ ಕಂದುವುದರಿಂದ ತಾನೇ?

ಜಯನಗರ 4ನೇ ಬ್ಲಾಕ್
ನಿಮ್ಮದೆಲ್ಲ ಸುಖದ ಜಗಳ. ನಾನು ಹೋದ ವರ್ಷ ಅಲ್ಲಿಂದ 750 ಎಂಎಲ್‌ನ ಮೂರು ರೈ ಸೂಟ್‌ಕೇಸ್‌ನಲ್ಲಿ ತಂದೆ. ದೇವನಹಳ್ಳಿಯಲ್ಲಿ ಇಳಿದು ಮನೆಗೆ ಬಂದು ತೆಗೆದರೆ ಒಂದು ಒಡೆದಿದೆ. ಅತ್ತಿಗೆಗೆ ತಂದ ಸೀರೆ ಪೂರ್ತಿ ನೆನೆದಿತ್ತು. ಡ್ರೈಕ್ಲೀನಿಂಗ್ 650 ರೂಪಾಯಿ. ವಾಸನೆ ಹೋಗಲಿಲ್ಲ, ಎರಡನೇ ಸಲ ಮತ್ತೆ 650. ಅತ್ತಿಗೆ ಇವತ್ತಿಗೂ ಅದನ್ನು ಉಟ್ಟಿಲ್ಲ. ಉಳಿದ ಎರಡರಲ್ಲಿ ಒಂದನ್ನು ಭಾವ ಕೋಲಾ ಹಾಕಿಕೊಂಡು ಖಾಲಿ ಮಾಡಿದರು. ಸುಮ್ನೆ ಇಲ್ಲಿ ಬೆಂಗಳೂರಿನ ಅಮೃತ್ ವಿಸ್ಕಿ ಕುಡಿಯಿರಿ. ಮೊಳಕೆ ಬರಿಸಿದ ರೈನಿಂದಲೇ ಅವರು ಸಿಂಗಲ್ ಮಾಲ್ಟ್ (ಒಂದೇ ಭಟ್ಟಿಯ, ಮೊಳಕೆ ಕಾಳಿನ ವಿಸ್ಕಿ) ಮಾಡಿದ್ದಾರೆ. ನಮ್ಮ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ 10%ಕ್ಕೂ ಜಾಸ್ತಿ ಆವಿಯಾಗುತ್ತದೆ, ಸ್ಕಾಟ್ಲೆಂಡ್‌ನಲ್ಲಿ 2% ಅಷ್ಟೇ. ಮರದ ರುಚಿ ಇಲ್ಲಿ ಬೇಗ ಇಳಿಯುತ್ತೆ, ಕಡ್ಡಿಗಿಡ್ಡಿ ಬೇಡ.

ಗ್ಯಾರೇಜ್ ಗೌಡ
ಮುಕ್ಕಾಲು ಲೀಟರ್‌ನ ಮೂರು ಬಾಟಲಿ ಅಂದರೆ ಎರಡೂಕಾಲು ಲೀಟರ್. ಸುಂಕ ಇಲ್ಲದೆ ಬಿಡುವುದು 2 ಲೀಟರ್. ಒಡೆದಿದ್ದೇ ಒಳ್ಳೇದಾಯ್ತು ಬಿಡಿ!

ಜಯನಗರ 4ನೇ ಬ್ಲಾಕ್
ಸೀರೆ ಹಾಳಾದವರಿಗೆ ಲೆಕ್ಕ ಹೇಳಿಕೊಡಬೇಡಿ. ಮೊದಲು ನಿಮ್ಮ ಉಪ್ಪಿನಕಾಯಿ ನೋಡಿಕೊಳ್ಳಿ.

ಲೂಯಿವಿಲ್ ಮೇಷ್ಟ್ರು
ಅಮೃತ್ ಬಗ್ಗೆ ನನಗೂ ಹೆಮ್ಮೆ ಇದೆ. ಆದರೆ ಅದು 40 ಡಾಲರ್‌ಗೆ ಎಲ್ಲಿ ಸಿಗುತ್ತೆ ಸ್ವಾಮಿ? ಕೇಳಿದ್ದು ಅಗ್ಗದ ರೈ ಬಗ್ಗೆ. ಹೋದ ದೀಪಾವಳಿಗೆ ನಾಲ್ಕು ಸ್ಟೀಲ್ ಲೋಟದಲ್ಲಿ ನಾಲ್ಕು ರೈ ಹಾಕಿ, ಲೋಟದ ತಳಕ್ಕೆ ಚೀಟಿ ಅಂಟಿಸಿ, ಯಾವುದು ಯಾವುದು ಅಂತ ಗೊತ್ತಿಲ್ಲದೆ ರುಚಿ ನೋಡಿದೆವು. ಆರು ಜನ. ನಾಲ್ಕು ಜನ ಎರಡು ಸಲ ಮರ ಕಂಡ ಬಾಟಲಿಯನ್ನೇ ಆರಿಸಿದರು. ಅವರೆಲ್ಲ ಸಿಹಿ ಬಾಯಿಯವರು, ಅದು ಬೇರೆ ಮಾತು.

ಚಿಕಾಗೊ ಚೈತ್ರಾ
ನೀವು ಯಾವುದನ್ನು ಆರಿಸಿದಿರಿ?

ಲೂಯಿವಿಲ್ ಮೇಷ್ಟ್ರು
ನನಗೆ ಅವತ್ತು ನೆಗಡಿ ಇತ್ತು.

ಚಿಕಾಗೊ ಚೈತ್ರಾ
ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದೇನೆ.

ಎಡಿಸನ್ ಅಳಿಯ
ಎಲ್ಲರಿಗೂ ಥ್ಯಾಂಕ್ಸ್. ಹಾಗಾದರೆ ಮಾವನಿಗೆ ಕೊಡಲಾ ಬೇಡ್ವಾ? ಮೂರು ವಾರ ಟೈಮ್ ಇಲ್ಲ ನನಗೆ, ಐದೇ ದಿನ.

ಗ್ಯಾರೇಜ್ ಗೌಡ
ಚೈತ್ರಾ ಅವರೇ, ಚಿಕಾಗೊದಲ್ಲಿ ಸಬ್ಬಸಿಗೆ ಸೊಪ್ಪು ಎಲ್ಲಿ ಸಿಗುತ್ತೆ? ಇಲ್ಲಿ ಡಿಲ್ ಅಂತ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಎಸಳು ಇಟ್ಟು 3 ಡಾಲರ್ ಕೇಳುತ್ತಾರೆ. ಒಂದು ರೊಟ್ಟಿಗೂ ಸಾಲಲ್ಲ.

ಜಯನಗರ 4ನೇ ಬ್ಲಾಕ್
ಇಲ್ಲಿ ಕಟ್ಟು 20 ರೂಪಾಯಿ.