ಜರ್ಮನಿಯವರು ಶಿವಮೊಗ್ಗ ನೋಡೋಕೆ ಬರ್ತಿದ್ದಾರೆ. ಸಬ್ಸಿಡಿ ಪಟ್ಟಿ ಮುಂದಿಟ್ರೆ ಸಾಕಾ?

ಕೇಳಿದವರು, ಮಾಚೇನಹಳ್ಳಿ

ನಮ್ಮದು ಸಣ್ಣ ಮಷಿನಿಂಗ್ ಯೂನಿಟ್. ಇಲ್ಲಿನ ಫೌಂಡ್ರಿಗಳಿಂದ, ಅಂದ್ರೆ ಲೋಹ ಕರಗಿಸಿ ಎರಕ ಹೊಯ್ಯೋರಿಂದ, ಕಾಸ್ಟಿಂಗ್ ತಗೊಂಡು ಪಂಪು, ವಾಲ್ವಿನ ಬಿಡಿಭಾಗ ಮಾಡಿ ಕೊಡ್ತೀವಿ. ಸುಮಾರು ವರ್ಷದಿಂದ ನಮ್ಮ ಮಾಲು ತಗೊಳ್ತಿರೋ ಜರ್ಮನಿಯ ಕಂಪನಿಯೊಂದು ಈಗ ಭಾರತದಲ್ಲೇ ಯೂನಿಟ್ ಹಾಕೋ ಯೋಚನೆಯಲ್ಲಿದೆ. ನಮ್ಮ ಜೊತೆ ಪಾಲುದಾರಿಕೆಯಲ್ಲಿ ಶಿವಮೊಗ್ಗ, ಇಲ್ಲಾಂದ್ರೆ ಹೊಸೂರು ಅಥವಾ ಪುಣೆ ಹತ್ತಿರದ ಚಾಕಣ್. ಜಾಗ ನೋಡೋಕೆ ಅವರ ತಂಡ ಬರ್ತಿದೆ. "ಸರ್ಕಾರದ ರಿಯಾಯಿತಿ ಎಲ್ಲಾ ಒಂದು ಪುಸ್ತಕ ಮಾಡಿ ಕೈಗೆ ಕೊಡು, ಬಂದೇ ಬರ್ತಾರೆ" ಅಂತ ಸಿಕ್ಕವರೆಲ್ಲ ಹೇಳ್ತಿದ್ದಾರೆ. ಹೊರದೇಶದ ದುಡ್ಡು ನಿಜಕ್ಕೂ ರಿಯಾಯಿತಿ ನೋಡಿ ಬರುತ್ತಾ? ಇಂಥದ್ದರಲ್ಲಿ ಓಡಾಡಿದವರು ದಯವಿಟ್ಟು ಹೇಳಿ.

ಫೌಂಡ್ರಿ ಕೆಲಸದವರು, ಶಿವಮೊಗ್ಗ

ಪುಸ್ತಕ ಮಾಡಿ, ಆದರೆ ಕೊನೇ ದಿನ ಕೊಡಿ. ಮೊದಲ ದಿನ ಅವರು ಕೇಳೋದೇ ಬೇರೆ.

ನಾನು ಕೆಲಸ ಮಾಡ್ತಿದ್ದ ಫೌಂಡ್ರಿಗೆ ಹೊರದೇಶದ ಕಂಪನಿಯವರು ಪಾಲು ತಗೊಳ್ಳೋ ಲೆಕ್ಕದಲ್ಲಿ ಬಂದಿದ್ರು. ನಮ್ಮ ಎಂಡಿ ಸಬ್ಸಿಡಿ ಸ್ಲೈಡು ಹಾಕಿಕೊಂಡು ಕೂತಿದ್ರೆ, ಬಂದ ಹಿರಿಯ ಎಂಜಿನಿಯರ್ ಸೀದಾ ಮೆಲ್ಟಿಂಗ್ ಶೆಡ್ಡಿಗೆ ಹೋಗಿ ಕರೆಂಟಿನ ಲಾಗ್‌ಬುಕ್ ಕೇಳಿದರು. ಕಾರಣ ಇದೆ. ಎಸ್‌ಜಿ ಐರನ್‌ಗೆ (ಸುಲಭಕ್ಕೆ ಒಡೆಯದ ಎರಕದ ಕಬ್ಬಿಣ) ಮೆಗ್ನೀಷಿಯಂ ಹಾಕಿದ ಮೇಲೆ ಹೆಚ್ಚು ಕಡಿಮೆ ಹತ್ತು ನಿಮಿಷದೊಳಗೆ ಸುರಿದು ಮುಗಿಸಬೇಕು, ತಡ ಆದ್ರೆ ಅದರ ಗುಣ ಇಳಿದುಹೋಗುತ್ತೆ. ಅದೇ ಹೊತ್ತಿಗೆ ಲೈನ್ ನಿಂತರೆ ಲೇಡಲ್‌ನಲ್ಲಿರೋ (ಸುರಿಯೋ ಪಾತ್ರೆ) ಲೋಹ ವಾಪಸ್ ಕುಲುಮೆಗೆ ಅಥವಾ ಗುಂಡಿಗೆ. ಕರೆಂಟು ಎಷ್ಟು ಹೊತ್ತು ಹೋಯ್ತು ಅನ್ನೋದಕ್ಕಿಂತ ಎಷ್ಟು ಸಲ ಕಣ್ಣು ಮಿಟುಕಿಸ್ತು ಅನ್ನೋದು ಅವರಿಗೆ ಮುಖ್ಯ. ನಮ್ಮ ಹತ್ತಿರ ಗಂಟೆಗಟ್ಟಲೆ ಹೋದದ್ದು ಬರೆದಿಟ್ಟಿತ್ತು, ವೋಲ್ಟೇಜ್ ಕುಸಿದದ್ದು ಬರೆದಿರಲಿಲ್ಲ. ಆಮೇಲೆ ಮೀಟರಿನಿಂದ ಡೇಟಾ ತೆಗೆಸಿ ಕಳಿಸಿದ್ವಿ.

ಶರಾವತಿ ವಿದ್ಯುದಾಗಾರ ಇರೋದು ನಮ್ಮಲ್ಲೇ. ಇಡೀ ರಾಜ್ಯಕ್ಕೆ ಬೆಳಕು ಕೊಟ್ಟ ಜಿಲ್ಲೆ ನಮ್ಮದು ಅಂತ ಹೆಮ್ಮೆಯಿಂದ ಹೇಳಬಹುದು, ಆದರೆ ಅವರಿಗೆ ಬೇಕಿರೋದು ನಿಮ್ಮ ಫೀಡರಿನ, ಅಂದ್ರೆ ನಿಮ್ಮ ಕಡೆ ಬರೋ ಕರೆಂಟಿನ ಲೈನಿನ, ಚರಿತ್ರೆ. ನಿಮ್ಮ ಫೀಡರಿನ ಒಂದು ವರ್ಷದ ದಾಖಲೆ ಈಗಲೇ ತೆಗೆಸಿಡಿ. ಮಷಿನಿಂಗಿಗೆ ನಮ್ಮಷ್ಟು ಪೆಟ್ಟು ಬೀಳಲ್ಲ, ಆದರೂ ಕಂಪ್ಯೂಟರ್ ನಡೆಸೋ ಸಿಎನ್‌ಸಿ ಮಷಿನ್ನು ಮಧ್ಯದಲ್ಲಿ ನಿಂತರೆ ಟೂಲೂ ಹೋಯ್ತು, ಜಾಬೂ ಹೋಯ್ತು.

ಎರಡನೇದಾಗಿ ಅವರು ಕೇಳಿದ್ದು "ನಿಮ್ಮ ಸುತ್ತ ಇನ್ನೂ ಯಾರ್ಯಾರಿದ್ದಾರೆ?" ಅಂತ. ಪ್ಯಾಟರ್ನ್ ಮಾಡೋರು, ಹೀಟ್ ಟ್ರೀಟ್‌ಮೆಂಟ್, ಗೇಜ್ ಕ್ಯಾಲಿಬ್ರೇಷನ್, ಒಂದು ಸ್ಪಿಂಡಲ್ ಕೆಟ್ಟರೆ ಸಂಜೆಯೊಳಗೆ ಬಂದು ನೋಡೋ ಮೆಕ್ಯಾನಿಕ್. ಶಿವಮೊಗ್ಗದಲ್ಲಿ ಫೌಂಡ್ರಿಗಳ ಗುಂಪೇ ಇರೋದ್ರಿಂದ ಕೆಲವಕ್ಕೆ ಉತ್ತರ ಇತ್ತು, ಕೆಲವಕ್ಕೆ ಬೆಂಗಳೂರು ಅಂದ್ವಿ. ಹೊಸೂರು, ಚಾಕಣ್ ನಮ್ಮನ್ನ ಸೋಲಿಸೋದು ಇಲ್ಲೇ. ಅಲ್ಲಿ ಇಂಥವರು ಬೀದಿಗೊಬ್ಬರು ಸಿಗ್ತಾರೆ. ಆ ಕೊರತೆಗೆ ಬೆಲೆ ಕಟ್ಟಿದರೆ ಎಷ್ಟಾಗುತ್ತೋ, ಸರ್ಕಾರದ ರಿಯಾಯಿತಿ ಅಷ್ಟನ್ನಾದರೂ ತುಂಬಬೇಕು. ತುಂಬಿದರೆ ಬರ್ತಾರೆ.

ಚಾರ್ಟರ್ಡ್ ಅಕೌಂಟೆಂಟ್, ದುರ್ಗಿಗುಡಿ

ಮೇಲಿನವರ ಕೊನೇ ಮಾತಿಗೆ ನಾನು ಲೆಕ್ಕ ಸೇರಿಸ್ತೀನಿ.

ರಾಜ್ಯದ ಈಗಿನ ಕೈಗಾರಿಕಾ ನೀತಿ 2025-30ರದ್ದು. 2025ರ ಫೆಬ್ರವರಿಯ ಇನ್ವೆಸ್ಟ್ ಕರ್ನಾಟಕ ಸಮಾವೇಶದಲ್ಲಿ ಬಿಡುಗಡೆ ಆಯ್ತು. ಇದರಲ್ಲಿ ಹೂಡಿಕೆದಾರರು ಎರಡರಲ್ಲಿ ಒಂದನ್ನ ಆರಿಸಬಹುದು: ಹಾಕಿದ ಬಂಡವಾಳದ ಮೇಲೆ ಸಬ್ಸಿಡಿ, ಅಥವಾ ಉತ್ಪಾದನೆ ಮೇಲೆ ಪ್ರೋತ್ಸಾಹಧನ. ಬೆಂಗಳೂರು ನಗರ, ಗ್ರಾಮಾಂತರ ಜಿಲ್ಲೆಗಳು ವಲಯ 3, ಅಲ್ಲಿ ರಿಯಾಯಿತಿ ಕಡಿಮೆ. ಉಳಿದದ್ದು ವಲಯ 1 ಮತ್ತು 2. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಹಿಂದುಳಿದ ತಾಲ್ಲೂಕು ಅಂತ 114 ಗುರುತಿಸಿತ್ತಲ್ಲ, ಅದರಲ್ಲಿ ತೀರಾ ಹಿಂದುಳಿದವಕ್ಕೆ ಇನ್ನೂ ಸ್ವಲ್ಪ ಹೆಚ್ಚು. ಹಾಗಾಗಿ "ಶಿವಮೊಗ್ಗ ಜಿಲ್ಲೆಗೆ ಎಷ್ಟು" ಅಂತ ಕೇಳಬೇಡಿ, ತಾಲ್ಲೂಕು ಹಿಡಿದು ನೀತಿಯ ಅನುಬಂಧ ನೋಡಿ. ಇದರ ಜೊತೆ ಮುದ್ರಾಂಕ ಶುಲ್ಕ, ವಿದ್ಯುತ್ ತೆರಿಗೆ, ಭೂಪರಿವರ್ತನೆ ಶುಲ್ಕದ ರಿಯಾಯಿತಿಗಳೂ ಇವೆ. ನೋಡೋಕೆ ಸಣ್ಣದು, ಆದರೆ ಮೊದಲ ವರ್ಷ ಜೇಬಿಗೆ ತಾಗೋದು ಇವೇ.

ಯಾವುದನ್ನ ಆರಿಸಬೇಕು? ಮಷಿನ್ನು ದುಬಾರಿ, ವಹಿವಾಟು ನಿಧಾನಕ್ಕೆ ಏರೋ ಕಡೆ ಬಂಡವಾಳದ ಸಬ್ಸಿಡಿ ವಾಸಿ. ಶೆಡ್ಡು ಬಾಡಿಗೆಗೆ ತಗೊಂಡು ವಹಿವಾಟು ಬೇಗ ಬೆಳೆಸೋರಿಗೆ ಉತ್ಪಾದನೆ ಮೇಲಿನದ್ದು. ನಿಮ್ಮ ಕೇಸಿನಲ್ಲಿ ಜರ್ಮನಿಯಿಂದ ಐದು ಅಕ್ಷದ ಮಷಿನ್ನು ತರ್ತಾರೆ ಅಂತಾದ್ರೆ ಮೊದಲನೆಯದೇ ಸರಿ ಅನ್ಸುತ್ತೆ. ಒಂದು ಹಳೇ ತೊಡಕು ಹೇಳ್ತೀನಿ, ಬೇರೆ ರಾಜ್ಯದವರು ಈಗಲೂ ಇದನ್ನೇ ಆಸೆ ತೋರಿಸ್ತಾರೆ: ರಾಜ್ಯದ ಪಾಲಿನ ಜಿಎಸ್‌ಟಿ ವಾಪಸ್ ಕೊಡ್ತೀವಿ ಅನ್ನೋದು. ರಫ್ತು ಮಾಡೋರಿಗೆ ಮಾಲಿನ ಮೇಲೆ ಜಿಎಸ್‌ಟಿಯೇ ನಿಲ್ಲಲ್ಲ, ವಾಪಸ್ ಕೊಡೋಕೆ ಏನಿರುತ್ತೆ? ಚಾಕಣ್‌ನವರ ಪಟ್ಟಿ ಜೊತೆ ಹೋಲಿಸುವಾಗ ಈ ಸಾಲು ಹುಡುಕಿ ನೋಡಿ. ನೀವು ಮಾಡಿದ್ದೆಲ್ಲ ಜರ್ಮನಿಗೇ ಹೋಗೋದಾದ್ರೆ ಆ ದೊಡ್ಡ ಅಂಕಿ ನಿಮ್ಮ ಪಾಲಿಗೆ ಸೊನ್ನೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಪ್ರೋತ್ಸಾಹಧನ ಬರೋದು ಕಾರ್ಖಾನೆ ಶುರುವಾದ ಮೇಲೆ, ಅರ್ಜಿ ಹಾಕಿ, ಪರಿಶೀಲನೆ ಮುಗಿದು, ಬಜೆಟ್‌ನಲ್ಲಿ ದುಡ್ಡು ಇದ್ದಾಗ. ಬ್ಯಾಂಕಿನ ಬಡ್ಡಿ ಮಾತ್ರ ಮೊದಲ ದಿನದಿಂದ ಓಡುತ್ತೆ. ನನ್ನ ಕಕ್ಷಿದಾರರೊಬ್ಬರು ಸಬ್ಸಿಡಿ ನಂಬಿ ದುಡಿಯುವ ಬಂಡವಾಳ ಕಡಿಮೆ ಇಟ್ಟಿದ್ರು. ಮಂಜೂರಾತಿ ಪತ್ರ ಫೈಲಲ್ಲಿ ಭದ್ರವಾಗಿತ್ತು, ಕಬ್ಬಿಣ ಕೊಟ್ಟವನಿಗೆ ಕೊಡೋಕೆ ಕಾಸಿರಲಿಲ್ಲ. ನಾನಂತೂ ಪ್ರಾಜೆಕ್ಟ್ ರಿಪೋರ್ಟನ್ನ ಎರಡು ಸಲ ಮಾಡ್ತೀನಿ, ಸಬ್ಸಿಡಿ ಸೇರಿಸಿ ಒಂದು, ಸೊನ್ನೆ ಹಾಕಿ ಒಂದು. ಸೊನ್ನೆ ಹಾಕಿದ್ದು ನಿಲ್ಲದಿದ್ದರೆ ಪಾಲುದಾರರನ್ನ ಒಳಗೆ ಕರೀಬೇಡಿ ಅಂತೀನಿ. ಜರ್ಮನಿಯವರೂ ಸೊನ್ನೆಯ ಹಾಳೆಯನ್ನೇ ಓದ್ತಾರೆ, ಬೇಕಾದ್ರೆ ನೋಡಿ.

ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಕಡೆಯದು ಚಿಕ್ಕದಾಗಿ: ತಯಾರಿಕೆಗೆ ಶೇ 100 ವಿದೇಶಿ ಬಂಡವಾಳ ಆಟೊಮ್ಯಾಟಿಕ್ ರೂಟಿನಲ್ಲೇ ಬರಬಹುದು, ಮುಂಚೆ ಅನುಮತಿ ಬೇಡ. ದುಡ್ಡು ಬಂದ 60 ದಿನದೊಳಗೆ ಷೇರು ಹಂಚಬೇಕು, ಹಂಚಿದ 30 ದಿನದೊಳಗೆ ರಿಸರ್ವ್ ಬ್ಯಾಂಕಿಗೆ ಎಫ್‌ಸಿ-ಜಿಪಿಆರ್ ಅನ್ನೋ ವರದಿ ಹಾಕಬೇಕು. ಷೇರಿನ ಬೆಲೆಗೆ ಮೌಲ್ಯಮಾಪನದ ಪ್ರಮಾಣಪತ್ರ ಬೇಕು. ತಡ ಆದ್ರೆ ದಂಡ ಕಟ್ಟಿ ಸರಿಮಾಡ್ಕೋಬಹುದು, ಆದರೆ ಮುಂದೆ ಪ್ರತಿ ಆಡಿಟ್‌ನಲ್ಲೂ ಆ ಕಲೆ ಎದ್ದು ಕಾಣುತ್ತೆ.

ಭದ್ರಾವತಿಯಿಂದ

ರಿಯಾಯಿತಿ ಒಂದೇ ಸಾಕಾಗಿದ್ರೆ ನಮ್ಮೂರು ಹೀಗಿರ್ತಿರಲಿಲ್ಲ. 1936ರಲ್ಲಿ ಹುಟ್ಟಿದ ಎಂಪಿಎಂ ಕಾಗದದ ಕಾರ್ಖಾನೆ 2015ರಲ್ಲಿ ನಿಂತೋಯ್ತು. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆ ಮಾರಾಟಕ್ಕೆ 2019ರಲ್ಲಿ ಆಸಕ್ತರನ್ನ ಕರೆದ್ರು, 2022ರಲ್ಲಿ ಆ ಪ್ರಕ್ರಿಯೆಯನ್ನೇ ಕೈಬಿಟ್ರು, 2023ರ ಜನವರಿಯಲ್ಲಿ ಮುಚ್ಚೋ ತೀರ್ಮಾನ. ನೀರಿದೆ, ರೈಲಿದೆ, ಕೆಲಸ ಬಲ್ಲ ಜನ ಇದ್ರು, ಜಾಗಕ್ಕಂತೂ ಬರವಿಲ್ಲ. ಸ್ವಂತ ಗಣಿ ಮಾತ್ರ ಇರಲಿಲ್ಲ. ಅದಿರು ಇಲ್ಲದ ಉಕ್ಕಿನ ಕಾರ್ಖಾನೆಯನ್ನ ಯಾರು ತಗೋತಾರೆ ಹೇಳಿ. ನಿಮ್ಮ ಜರ್ಮನಿಯವರಿಗೆ ಇಲ್ಲಿ ಇರೋ "ಅದಿರು" ಯಾವುದು ಅಂತ ಮೊದಲು ಕಂಡ್ಕೊಳಿ.

ಉದ್ಯೋಗಿಗಳ ವಿಭಾಗದಲ್ಲಿದ್ದವಳು

ಅದಿರು ಜನವೇ. ನಾನು ಗಾರ್ಮೆಂಟ್ಸ್‌ನಲ್ಲಿ, ಆಮೇಲೆ ಬೆಂಗಳೂರಿನ ಹೊರವಲಯದ ಒಂದು ಜಪಾನಿ ಯೂನಿಟ್‌ನಲ್ಲಿ ಕೆಲಸ ಮಾಡಿದೀನಿ. ಹೊರಗಿನವರು ಕೇಳೋ ಅಂಕಿ ಒಂದೇ: ತರಬೇತಿ ಕೊಟ್ಟ ಹುಡುಗ, ಹುಡುಗಿ ಎಷ್ಟು ದಿನ ಇರ್ತಾರೆ? ಶಿವಮೊಗ್ಗದಲ್ಲಿ ಇದಕ್ಕೆ ಒಳ್ಳೇ ಉತ್ತರ ಇದೆ, ಆದರೆ ಯಾರೂ ಬರೆದಿಟ್ಟಿರಲ್ಲ. ಇಲ್ಲೇ ಮನೆ, ಅಪ್ಪ ಅಮ್ಮ, ಒಂದಿಷ್ಟು ಅಡಿಕೆ ತೋಟ ಇರೋ ಹುಡುಗ ಸಾವಿರ ರೂಪಾಯಿಗೋಸ್ಕರ ಕಂಪನಿ ಬಿಟ್ಟು ಹೋಗಲ್ಲ. ಹೊಸೂರಿನಲ್ಲಿ ಗೇಟಿನ ಎದುರೇ ಇನ್ನೊಂದು ಕಂಪನಿಯ ಗೇಟಿರುತ್ತೆ. ನಿಮ್ಮ ಹಳೇ ಮಸ್ಟರ್ ರೋಲ್ (ಹಾಜರಿ ಪುಸ್ತಕ) ತೆಗೆದು ಐದು ವರ್ಷದಿಂದ ಇರೋರು ಎಷ್ಟು ಜನ ಅಂತ ಲೆಕ್ಕ ಹಾಕಿ ಕೊಡಿ.

ಅಡಿಕೆ ಕೊಯ್ಲಿನ ತಿಂಗಳಲ್ಲಿ ರಜೆ ಹೆಚ್ಚು ಅನ್ನೋದನ್ನೂ ಮುಚ್ಚಿಡಬೇಡಿ. ನಾವು ಶಿಫ್ಟ್ ಬದಲಾಯಿಸಿ ಸರಿದೂಗಿಸ್ತಿದ್ವಿ. ಮತ್ತೆ, ರಾಜ್ಯದ ರಿಯಾಯಿತಿ ತಗೊಂಡ್ರೆ ಒಟ್ಟಾರೆ ಶೇ 70, ಡಿ ದರ್ಜೆಯಲ್ಲಿ ಶೇ 100 ಕನ್ನಡಿಗರಿಗೆ ಕೆಲಸ ಕೊಡಬೇಕು ಅನ್ನೋ ಷರತ್ತು ಹಿಂದಿನ ನೀತಿಗಳಿಂದಲೂ ಇದೆ. ಇದು ಕೇಳಿ ಬೆಂಗಳೂರಿನ ಕಂಪನಿಯವರು ಹುಬ್ಬೇರಿಸ್ತಾರೆ. ಇಲ್ಲಿ ಅದು ಸಮಸ್ಯೆಯೇ ಅಲ್ಲ, ಬೇರೆಯವರು ಬರೋದೇ ಕಡಿಮೆ.

ತೀರ್ಥಹಳ್ಳಿ ಕಡೆಯ ಬೆಳೆಗಾರ

ಮಧ್ಯೆ ಬಾಯಿ ಹಾಕ್ತೀನಿ. ನಮ್ಮ ಅಡಿಕೆ ತೋಟಕ್ಕೆ ಹೊರದೇಶದ ದುಡ್ಡು ತರಿಸೋಕೆ ಆಗುತ್ತಾ? ಎಲೆಚುಕ್ಕೆ ರೋಗದಲ್ಲಿ ಸೋತು ಸುಣ್ಣ ಆಗಿದೀವಿ.

ಚಾರ್ಟರ್ಡ್ ಅಕೌಂಟೆಂಟ್, ದುರ್ಗಿಗುಡಿ

ತೋಟಕ್ಕೆ ಆಗಲ್ಲ. ಪ್ಲಾಂಟೇಷನ್‌ನಲ್ಲಿ ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆದಿರೋದು ಚಹಾ, ಕಾಫಿ, ರಬ್ಬರ್, ಏಲಕ್ಕಿ, ತಾಳೆ ಎಣ್ಣೆ, ಆಲಿವ್‌ಗೆ. ಅಡಿಕೆ ಆ ಪಟ್ಟಿಯಲ್ಲಿಲ್ಲ. ಆಹಾರ ಸಂಸ್ಕರಣೆಗೆ ಬರಬಹುದು, ಅಂದ್ರೆ ಕಾಳುಮೆಣಸಿನ ಎಣ್ಣೆ ತೆಗೆಯೋ ಘಟಕಕ್ಕೆ ಸರಿ, ಮೆಣಸಿನ ಬಳ್ಳಿ ಹಬ್ಬಿರೋ ತೋಟಕ್ಕಲ್ಲ.

ಸಾಗರದಿಂದ ಒಬ್ಬರು

ಎಲ್ಲರೂ ಹೇಗೆ ಕರೆಸೋದು ಅಂತಲೇ ಮಾತಾಡ್ತಿದೀರಿ. ಮಲೆನಾಡಿಗೆ ಇದು ಹೊಸದಲ್ಲ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಎದ್ದದ್ದೇ ಇರಾನಿನ ಶಾ ಕೊಡ್ತೀನಿ ಅಂದ 63 ಕೋಟಿ ಡಾಲರ್ ಸಾಲದ ಮೇಲೆ. 1976ರಲ್ಲಿ ಕಂಪನಿ ಆಯ್ತು, ಮಂಗಳೂರಿಗೆ 67 ಕಿಲೋಮೀಟರ್ ಕೊಳವೆ ಹಾಕಿದ್ರು, 1979ರಲ್ಲಿ ಶಾ ದೇಶ ಬಿಟ್ಟ, ದುಡ್ಡು ಅರ್ಧಕ್ಕೇ ನಿಂತ್ತು. ಇರಾನ್ ಅನ್ನೋ ಒಬ್ಬನೇ ಗಿರಾಕಿಗಾಗಿ ಕಟ್ಟಿದ ಗಣಿಗೆ ಬೇರೆ ಗಿರಾಕಿ ಹುಡುಕಬೇಕಾಯ್ತು. ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ಬಂದ್. ದೇಶೀ ಕಂಪನಿಗೆ ಕೊಟ್ಟ ರಿಯಾಯಿತಿಯ ಕಥೆಯೂ ಪಕ್ಕದಲ್ಲೇ ಇದೆ. 1958ರಲ್ಲಿ ದಾಂಡೇಲಿ ಕಾಗದದ ಕಾರ್ಖಾನೆಗೆ ಬಿದಿರನ್ನ ಟನ್ನಿಗೆ 1 ರೂಪಾಯಿ 50 ಪೈಸೆಗೆ ಕೊಟ್ರು ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ದಾಖಲಿಸಿದ್ದಾರೆ. ಬುಟ್ಟಿ ಹೆಣೆಯೋರು ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಡ್ತಿದ್ರು. ಅಷ್ಟು ಅಗ್ಗಕ್ಕೆ ಸಿಕ್ಕಿದ್ದನ್ನ ಉಳಿಸಬೇಕು ಅಂತ ಯಾವ ಕಾರ್ಖಾನೆಗೆ ಅನ್ಸುತ್ತೆ?

ಮಷಿನಿಂಗ್ ಯೂನಿಟ್‌ಗೆ ಇದೆಲ್ಲ ಸಂಬಂಧ ಇಲ್ಲ ಅನ್ನಬಹುದು. ಸಂಬಂಧ ಇದೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಆರನೇ ಕರಡು 2024ರ ಜುಲೈನಲ್ಲಿ ಬಂತು, ರಾಜ್ಯದಲ್ಲಿ 20,668 ಚದರ ಕಿಲೋಮೀಟರ್. ರಾಜ್ಯ ಸಂಪುಟ ಅದನ್ನ ತಿರಸ್ಕರಿಸ್ತು. ಅಂತಿಮ ಅಧಿಸೂಚನೆ ಬಂದರೆ ಆ ಹಳ್ಳಿಗಳಲ್ಲಿ ಕೆಂಪು ವರ್ಗದ, ಅಂದ್ರೆ ಹೆಚ್ಚು ಮಾಲಿನ್ಯ ಮಾಡೋ, ಹೊಸ ಕಾರ್ಖಾನೆಗೆ ಅವಕಾಶ ಇರಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಅಗ್ಗದ ಜಾಗ ಇದೆ ಅಂತ ಯಾರಾದ್ರೂ ತೋರಿಸಿದ್ರೆ ಮೊದಲು ಕರಡಿನ ಹಳ್ಳಿ ಪಟ್ಟಿ ನೋಡಿ. ಯುರೋಪಿನ ಕಂಪನಿಯ ವಕೀಲರು ನಿಮಗಿಂತ ಮುಂಚೆ ನೋಡಿರ್ತಾರೆ.

ಬೆಂಗಳೂರಿನಲ್ಲಿರುವ ಶಿವಮೊಗ್ಗದವನು

ಕಂಪನಿಗಳಿಗೆ ಜಾಗ ಹುಡುಕಿ ಕೊಡೋ ಕೆಲಸ ನನ್ನದು. ಮೊದಲ ಸುತ್ತಿನಲ್ಲಿ ಹತ್ತಿಪ್ಪತ್ತು ಊರು ಇರುತ್ತೆ, ಅಲ್ಲಿ ರಿಯಾಯಿತಿಯ ಅಂಕಣವೇ ತೆರೆಯಲ್ಲ. ಬಂದರಿಗೆ ಎಷ್ಟು ದೂರ, ಜನ ಸಿಗ್ತಾರಾ, ಕಾನೂನು ನಾಳೆ ಬದಲಾಗುತ್ತಾ, ಅಷ್ಟೇ. ಕೊನೆಗೆ ಎರಡೋ ಮೂರೋ ಸಮಸಮ ಉಳಿದಾಗ ರಿಯಾಯಿತಿ ಮೇಜಿಗೆ ಬರುತ್ತೆ. ತಕ್ಕಡಿ ಸಮ ಇದ್ದಾಗ ಮಾತ್ರ ಒಂದು ಹಿಡಿ ಅಕ್ಕಿಗೆ ಬೆಲೆ. ವಿಶ್ವಬ್ಯಾಂಕ್ 2017-18ರ ವರದಿಗೆ ಬಹುರಾಷ್ಟ್ರೀಯ ಕಂಪನಿಗಳ ಅಧಿಕಾರಿಗಳನ್ನ ಕೇಳಿದಾಗಲೂ ರಾಜಕೀಯ ಸ್ಥಿರತೆ, ಕಾನೂನು, ಮಾರುಕಟ್ಟೆ ಮೇಲೆ ಬಂದವು, ಕಡಿಮೆ ತೆರಿಗೆ ಅದರ ಕೆಳಗೆ.

ರಿಯಾಯಿತಿ ಸುರಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ವಿಸ್ಕಾನ್ಸಿನ್ ನೋಡಿ. 2017ರಲ್ಲಿ ಫಾಕ್ಸ್‌ಕಾನ್‌ಗೆ ಸುಮಾರು 300 ಕೋಟಿ ಡಾಲರ್ ಕೊಡ್ತೀವಿ ಅಂದ್ರು, 13,000 ಕೆಲಸದ ಮಾತಾಯ್ತು. 2021ರಲ್ಲಿ ಒಪ್ಪಂದ ತಿದ್ದಿದಾಗ ಉಳಿದದ್ದು 8 ಕೋಟಿ ಡಾಲರ್, 1,454 ಕೆಲಸ. ಒಳ್ಳೇದು ಅಂದ್ರೆ ದುಡ್ಡನ್ನ ಕೆಲಸದ ಲೆಕ್ಕಕ್ಕೆ ಕಟ್ಟಿಹಾಕಿದ್ರು, ಹಾಗಾಗಿ ಪೂರ್ತಿ ಮುಳುಗಲಿಲ್ಲ.

ನಮ್ಮಲ್ಲೂ ಸಮಾವೇಶದ ಅಂಕಿ ನೋಡಿ ಮೈಮರೀಬೇಡಿ. 2025ರ ಸಮಾವೇಶದಲ್ಲಿ 10.27 ಲಕ್ಷ ಕೋಟಿ ಅಂದದ್ದು ಹೂಡಿಕೆಯ ಭರವಸೆ. 2021-22ರಲ್ಲಿ ದೇಶಕ್ಕೆ ಬಂದ ವಿದೇಶಿ ಈಕ್ವಿಟಿಯಲ್ಲಿ ಶೇ 38 ಕರ್ನಾಟಕಕ್ಕೇ ಬಂತು ಅನ್ನೋದು ನಿಜವಾದ ದುಡ್ಡು, ಆದರೆ ಅದರಲ್ಲಿ ತುಂಗೆ ದಾಟಿ ಬಂದದ್ದೆಷ್ಟು ಅಂತ ಊರಲ್ಲಿರೋ ನಿಮಗೇ ಗೊತ್ತು.

ಕೇಳಿದವರು, ಮಾಚೇನಹಳ್ಳಿ

ಎಲ್ಲರಿಗೂ ಧನ್ಯವಾದ. ಫೀಡರಿನ ದಾಖಲೆಗೆ ಇವತ್ತೇ ಬರೆದು ಕೊಟ್ಟೆ. ಮಸ್ಟರ್ ರೋಲ್ ಲೆಕ್ಕ ನಮ್ಮ ಮನೆಯವರು ಹಾಕ್ತಿದ್ದಾರೆ. ಇನ್ನೆರಡು ಅನುಮಾನ. ಅನುಮತಿಗೆ ಬೆಂಗಳೂರಿಗೆ ಅಲೀಬೇಕಾ? ಬಂದರಿನ ಪ್ರಶ್ನೆಗೆ ಏನು ಹೇಳ್ಲಿ?

ಚಾರ್ಟರ್ಡ್ ಅಕೌಂಟೆಂಟ್, ದುರ್ಗಿಗುಡಿ

15 ಕೋಟಿ ತನಕ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿಯಲ್ಲೇ ಮುಗಿಯುತ್ತೆ. ಅದರ ಮೇಲೆ 500 ಕೋಟಿ ತನಕ ರಾಜ್ಯಮಟ್ಟದ್ದು, ಅದಕ್ಕೂ ಮೇಲಿದ್ರೆ ಮುಖ್ಯಮಂತ್ರಿಗಳ ಸಮಿತಿ. ಮೊದಲ ಹಂತವನ್ನ 15 ಕೋಟಿಯೊಳಗೆ ಇಟ್ಟು ಇಲ್ಲೇ ಶುರು ಮಾಡಬಹುದಾ ಅಂತ ಪಾಲುದಾರರ ಜೊತೆ ಮಾತಾಡಿ. ಆದರೆ ಆಮೇಲೆ ವಿಸ್ತರಣೆಗೆ ಸಿಗೋ ರಿಯಾಯಿತಿಯ ಷರತ್ತು ಓದಿಕೊಂಡೇ ತೀರ್ಮಾನ ಮಾಡಿ.

ಫೌಂಡ್ರಿ ಕೆಲಸದವರು, ಶಿವಮೊಗ್ಗ

ಬಂದರಿನ ವಿಷಯ ನೇರ ಹೇಳಿಬಿಡಿ. ನಕ್ಷೆಯಲ್ಲಿ ಮಂಗಳೂರು ಹತ್ತಿರ ಕಾಣುತ್ತೆ, ಆಗುಂಬೆಯ 14 ತಿರುವಿನಲ್ಲಿ ನಲವತ್ತಡಿ ಕಂಟೇನರ್ ಇಳಿಯಲ್ಲ. ಶಿರಾಡಿ ಘಾಟಿ ಕಡೆಯಿಂದ ಸುತ್ತಿಹೋಗೋಣ ಅಂದ್ರೆ ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುತ್ತೆ, 2018ರಲ್ಲೂ 2024ರಲ್ಲೂ ನೋಡಿದ್ವಿ. ಮಳೆಗಾಲಕ್ಕೆ ಚೆನ್ನೈ ದಾರಿಯ ಸಾಗಾಣಿಕೆ ದರ ಹಾಕಿ, ಉಳಿದ ತಿಂಗಳಿಗೆ ಮಂಗಳೂರಿನದ್ದು ಹಾಕಿ, ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸಿ. ಸೋಗಾನೆಯ ನಮ್ಮ ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್ ಇದೆ, ವಿಮಾನದಲ್ಲೇ ಕರೆಸಿ, ಅದೊಂದು ಅನುಕೂಲ 2023ರಿಂದ ಆಗಿದೆ. ಆದರೆ ವಾಪಸ್ ಹೋಗುವಾಗ ಟಿಕೆಟ್ ಬದಲಾಯಿಸೋಕೆ ಬರೋ ಹಾಗೆ ಮಾಡಿಸಿ. ಅವರು ಫ್ಯಾಕ್ಟರಿಯಲ್ಲಿ ಕೂತು ಲಾಗ್‌ಬುಕ್ ಓದೋಕೆ ಶುರು ಮಾಡಿದ್ರೆ ಹೊತ್ತು ಹೋದದ್ದೇ ಗೊತ್ತಾಗಲ್ಲ.